ಇಷ್ಟವಾಯಿತೇ ಎಂದು ಕೇಳಿದ ಕಾಗದ

ನಮ್ಮ ಮಾವನವರ ಬಲಗೈಯ ಹೆಬ್ಬೆರಳು, ತೋರುಬೆರಳಿನ ತುದಿಗಳು ಸದಾ ಹಸಿರಾಗಿರುತ್ತಿದ್ದವು. ತೆಲುಗು ಸೀಮೆಯ ನಾರಾಯಣಪೇಟೆಯಲ್ಲಿ ನಲವತ್ತು ವರ್ಷ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯ್ದವರು. ನೋಡಿದವರು ನೂಲಿನ ಬಣ್ಣವೆಂದುಕೊಳ್ಳುತ್ತಿದ್ದರು. ಅದು ಸೊಂಟನೋವಿನ ಪುಡಿಯ ಕಲೆ. ಗದ್ವಾಲಿನ ಸಂತೆಯಲ್ಲಿ ಒಬ್ಬ ಮಾರುತ್ತಿದ್ದ, ಯಾವುದೋ ದೂರದೇಶದ ಮರದ ಎಲೆ ಕುಟ್ಟಿದ್ದು. ಮಾವನವರು ಸೇಂದಿ ಮುಟ್ಟಿದವರಲ್ಲ, ಎಲೆಅಡಿಕೆ ಸಹ ಹಾಕಿದವರಲ್ಲ. ಸೊಪ್ಪಿನ ಔಷಧಿಯೆಂದರೆ ಶಿವನ ಪ್ರಸಾದವೇ ಎಂದು ನಂಬಿ, ಬೆಳಿಗ್ಗೆ ಲಿಂಗಪೂಜೆ ಮುಗಿಸಿ ತೀರ್ಥದಲ್ಲೇ ಕಲಸಿ ಕುಡಿಯುತ್ತಿದ್ದರು.

ಕುಡಿದ ಮೇಲೆ ಅವರಷ್ಟು ಒಳ್ಳೆಯವರಿಲ್ಲ. ಮೊಮ್ಮಗಳಿಗೆ ಜಡೆ ಹಾಕುವರು, ನನ್ನ ಸಾರು ಉಂಡು "ಉಪ್ಪು ಮರ್ತೀದಿ ಯವ್ವಾ, ಖಾರ ಅದರ ಪಾಲೂ ತಗೊಂಡೈತಿ" ಎಂದು ನಗುವರು. ಪುಡಿ ತೀರಿದ ದಿನ ಮೂಗು ಸೋರುವುದು, ಕಾಲು ಒಂದೆಡೆ ನಿಲ್ಲದು, ತಟ್ಟೆ ನೂಕುವರು.

ಒಮ್ಮೆ ಆರು ದಿನ ಹೊಟ್ಟೆ ಕಟ್ಟಿಕೊಂಡಾಗ ಮಕ್ತಲದ ಡಾಕ್ಟರರ ಬಳಿ ಕರೆದೊಯ್ದೆವು. ಅವರು ಪುಡಿ ಮೂಸಿ ನೋಡಿ, "ಇದು ಅಫೀಮಿನಂಗ ಕೆಲಸ ಮಾಡೋ ಎಲಿ ರೀ" ಎಂದರು. ಇದಕ್ಕೆ ಚಟ ಹತ್ತುತ್ತದೋ ಇಲ್ಲವೋ ಎಂದು ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ಪರೀಕ್ಷೆ ನಡೆಯುತ್ತಿದೆಯಂತೆ; ಈಗಾಗಲೇ ತಿನ್ನುವವರೇ ಅವರಿಗೆ ಬೇಕಂತೆ.

"ನನ್ನ ಮೈ ನೋಡಿ ನಾಕ ಮಂದಿಗೆ ತಿಳೀತೈತಿ ಅಂದ್ರ ನೋಡ್ಲಿ ಬಿಡು" ಎಂದು ಮಾವನವರು ಒಪ್ಪಿದರು.

ಹೊರಡುವಾಗ ನನ್ನ ಯಜಮಾನರು ಎಚ್ಚರಿಸಿದರು: "ಅಪ್ಪಾ, ನೋವು ಹೋತು ಅಂತಷ್ಟ ಹೇಳು. ಮಠದಾಗ ಪುರಾಣ ಓದಾಂವ ನೀ. ಚಟಗಾರ ಅಂತ ಹೆಸರು ಬಂದ್ರ ಮಂದಿ ಮುಖ ಹ್ಯಾಂಗ ನೋಡೋದು?"

ಆಸ್ಪತ್ರೆಯಲ್ಲಿ ಜೊತೆಗೆ ನಾನಿದ್ದೆ. ದಿನಕ್ಕೊಂದು ಗುಳಿಗೆ. ಒಂದು ದಿನ ಪುಡಿ ತುಂಬಿದ್ದು, ಒಂದು ದಿನ ಬರೀ ಹಿಟ್ಟು. ಯಾವುದು ಯಾವುದೆಂದು ಕೊಡುವ ಡಾಕ್ಟರಮ್ಮನಿಗೂ ಗೊತ್ತಿಲ್ಲ. ಆಮೇಲೆ ಗಂಟೆಗೊಂದು ಕಾಗದ. ಇಷ್ಟವಾಯಿತೇ? ಮತ್ತೆ ಕೊಟ್ಟರೆ ತಗೊಳ್ಳುತ್ತೀರಾ? ಕೆಳಗೊಂದು ಉದ್ದ ಗೆರೆ. ಈ ತುದಿ 'ಇಲ್ಲ', ಆ ತುದಿ 'ಬಹಳ'. ನಡುವೆ ಎಲ್ಲಾದರೂ ಗುರುತು ಹಾಕಬೇಕು. ಮಾವನವರು ಪ್ರತಿ ಸಲ 'ಇಲ್ಲ'ಕ್ಕೇ ಹಾಕಿದರು.

ಮೂರನೆಯ ದಿನ ಗುಳಿಗೆ ನುಂಗಿದ ಸ್ವಲ್ಪ ಹೊತ್ತಿಗೆ ಅವರ ಮುಖ ಅರಳಿತು. ತೀರಿಹೋದ ನಮ್ಮ ಅತ್ತೆಗೆ ತಾವೇ ನೇಯ್ದ ಮದುವೆ ಸೀರೆಯ ಅಂಚನ್ನು ಬಣ್ಣಿಸುತ್ತ ನಕ್ಕರು. ಕಾಗದ ಬಂತು. ಗುರುತು ಮತ್ತೆ 'ಇಲ್ಲ'ಕ್ಕೇ.

"ಮಾವಾರ, ಖರೇನ ಇಷ್ಟ ಆಗ್ಲಿಲ್ಲೇನ್ರಿ?" ಎಂದೆ.

ಅವರು ಎದೆಯ ಮೇಲಿನ ಲಿಂಗ ಮುಟ್ಟಿಕೊಂಡರು. ಆಮೇಲೆ ಡಾಕ್ಟರಮ್ಮನನ್ನು ಕರೆದರು. ತೆಲುಗು ಬಲ್ಲ ಮಾವನವರು ಅಂದು ನಮ್ಮ ಕನ್ನಡದಲ್ಲೇ ಹೇಳಿದರು; ಡಾಕ್ಟರಮ್ಮನಿಗೆ ತೆಲುಗಿನಲ್ಲಿ ನಾನು ತಿಳಿಸಬೇಕಾಯಿತು.

"ಸುಳ್ಳು ಗುರ್ತು ಹಾಕೀನಿ ಯವ್ವಾ. ಸೊಂಟ ನೋಯದ ದಿನಾನೂ ತಗೊಂಡೀನಿ. ಪೂಜಿಗೆ ಕುಂತ್ರ ಶಿವನಕಿಂತ ಮೊದ್ಲ ಪುಡಿ ನೆನಪಾಗ್ತಿತ್ತು."

ಹಾಕಿದ ಗುರುತು ತಿದ್ದುವ ಹಾಗಿರಲಿಲ್ಲ. ಡಾಕ್ಟರಮ್ಮ ಆ ಮಾತನ್ನು ಪಕ್ಕದಲ್ಲಿ ಬರೆದುಕೊಂಡರು.

ಪರೀಕ್ಷೆ ಮುಗಿದ ಮೇಲೆ ಆಸ್ಪತ್ರೆಯವರೇ ಮೆಲ್ಲಮೆಲ್ಲಗೆ ಪುಡಿ ಬಿಡಿಸಿದರು. ಊರಿಗೆ ಬಂದ ಮಾವನವರು ಪುರಾಣ ಶುರು ಮಾಡುವ ಮೊದಲು ಮಠದಲ್ಲಿ ಎಲ್ಲರೆದುರು ಡಾಕ್ಟರಮ್ಮನಿಗೆ ಹೇಳಿದ್ದನ್ನೇ ಹೇಳಿದರು. ಯಜಮಾನರು ತಲೆ ತಗ್ಗಿಸಿದರು. ಹಿಂದಿನ ಸಾಲಿನ ಒಬ್ಬ ಮುದುಕಿ, "ನಮ್ಮ ಮನಿಯವ್ರೂ ಅದನ್ನ ತಿಂತಾರ್ರಿ. ಆ ದವಾಖಾನಿ ಎಲ್ಲೈತಿ?" ಎಂದಳು. ಮಾವನವರು ಪುಸ್ತಕ ಮುಚ್ಚಿ ಅವಳ ಬಳಿ ಹೋಗಿ ಕೂತರು.

ಆಮೇಲೆ ಎರಡು ವರ್ಷ ಬದುಕಿದರು, ಸೊಂಟನೋವಿನ ಜೊತೆಗೇ. ಬಿಸಿ ಎಣ್ಣೆ ತಿಕ್ಕುತ್ತ "ಭಾಳ ನೋಯ್ತೈತೇನ್ರಿ?" ಎಂದರೆ, "ನೋಯ್ತೈತಿ. ಆದ್ರ ಈಗ ಬರೇ ನೋವಷ್ಟ ಐತಿ" ಎನ್ನುವರು. ಹೋದ ಶ್ರಾವಣದಲ್ಲಿ ಪೂಜೆ ಮುಗಿಸಿ ಕೂತಲ್ಲೇ ಶಿವನ ಪಾದ ಸೇರಿದರು. ಹಾಸಿಗೆ ಹಿಡಿಯಲಿಲ್ಲ, ಅದೊಂದು ಕರುಣೆ.

ಒಂದು ಮಾತನ್ನು ಅವರು ಆಸ್ಪತ್ರೆಯಲ್ಲೂ ಹೇಳಲಿಲ್ಲ, ಮಠದಲ್ಲೂ ಹೇಳಲಿಲ್ಲ. ಅವರಿಂದ ತಾವೇ ಕಲಸಿಕೊಳ್ಳಲಾಗದ ಬೆಳಗುಗಳಲ್ಲಿ ಆ ಪುಡಿಯನ್ನು ತೀರ್ಥದಲ್ಲಿ ಕಲಸಿ ಕೊಡುತ್ತಿದ್ದವಳು ನಾನು. ಮನೆ ತಣ್ಣಗಿರಲಿ ಎಂದು ಒಮ್ಮೊಮ್ಮೆ ಒಂದು ಚಿಟಿಕೆ ಹೆಚ್ಚೇ ಹಾಕುತ್ತಿದ್ದೆ. ಅವರಿಗೆ ಗೊತ್ತಿತ್ತು.