ಮುತ್ತುಗದ ಸಾಲಿಗೆ ಬಿದ್ದ ನಂಬರು

ಕಾಡುಗೋಡಿಯ ಆಚೆ, ಗೋಮಾಳದಲ್ಲಿ ಜಲಾಶಯ ಕಟ್ಟುವುದೆಂದು ತೀರ್ಮಾನವಾದಾಗ ಅಲ್ಲಿನ ಮರಗಿಡಗಳ ಸಮೀಕ್ಷೆಗೆ ನನ್ನನ್ನು ಕರೆದರು. ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಬಿಸಿಲೇರುವ ಮುನ್ನ ಓಡಾಟ, ಏರಿದ ಮೇಲೆ ಬರವಣಿಗೆ. ಈ ಕ್ರಮವನ್ನು ಅಲ್ಲಿಯೂ ಬಿಡಲಿಲ್ಲ. ಪ್ರತಿ ಮರಕ್ಕೂ ಎದೆಯೆತ್ತರದಲ್ಲಿ ಬಿಳಿ ಬಣ್ಣದ ನಂಬರು ಬರೆದೆ. ಪೂರ್ವದ ಅಂಚಿನಲ್ಲಿ ಮುತ್ತುಗದ ಮರಗಳ ಸಾಲೊಂದಿತ್ತು. ಕಟ್ಟೆಯನ್ನು ತುಸು ಒಳಕ್ಕೆ ಸರಿಸಿದರೆ ಅವು ಉಳಿಯುತ್ತವೆಂದು ವರದಿಯಲ್ಲಿ ಹೇಳುವವನಿದ್ದೆ.

ಒಂದು ಬೆಳಿಗ್ಗೆ ನೋಡಿದರೆ ಆ ಸಾಲಿನ ನಂಬರುಗಳೆಲ್ಲ ಮಾಯ. ತೊಗಟೆ ಸಮೇತ ಕೆರೆದುಹಾಕಿದ್ದರು. ಕೆರೆದವಳು ಕುಡುಗೋಲು ಹಿಡಿದು ಅಲ್ಲೇ ನಿಂತಿದ್ದಳು. ಪಕ್ಕದ ಹಳ್ಳಿಯಾಕೆ, ಈ ಮರಗಳ ಎಲೆ ಕೊಯ್ದು, ಊಟದೆಲೆ ಹೊಲಿದು ಮಾರುವವಳು.

“ಯಾಕಮ್ಮ ಕೆರೆದೆ?”

“ರೋಡ್ ಅಗಲ ಮಾಡೋರೂ ಇಂಗೇ ಬರ್ದಿದ್ರು ಮೇಷ್ಟ್ರೇ. ನಂಬರ್ ಬಿದ್ದಿದ್ ಒಂದ್ ಮರಾನೂ ಇವತ್ತಿಲ್ಲ.”

“ನನ್ನದು ಕಡಿಯೋ ನಂಬರಲ್ಲ, ಉಳಿಸೋದಕ್ಕೆ.”

“ಗರಗಸ ಇಡ್ಕೊಂಡ್ ಬರೋನು ನಿಮ್ಮನ್ನ ಕೇಳ್ಕೊಂಡ್ ಬತ್ತಾನಾ?”

ಅಲ್ಲಿಂದಲೇ ಜಲಾಶಯದ ಎಂಜಿನಿಯರಿಗೆ ಫೋನು ಮಾಡಿದೆ.

“ನಂಬರ್ ಇಲ್ಲ ಅಂದ್ರೆ ಮರಾನೇ ಇಲ್ಲ ಅಂತ ಸಾರ್. ಪೊದೆ ಜೊತೆ ಜೆಸಿಬಿ ಬಳ್ಕೊಂಡು ಹೋಗುತ್ತೆ. ಬೇಗ ಬರೆದ್ಬಿಡಿ.”

“ಬರೆದರೆ ಉಳಿಸ್ತೀರಾ?”

“ಡ್ರಾಯಿಂಗ್ ಚೇಂಜ್ ಮಾಡೋದು ಮೇಲಿನೋರು. ನನ್ನ ಕೇಳ್ಬೇಡಿ ಸಾರ್.”

ಇದನ್ನು ಇದ್ದಂತೆಯೇ ಆಕೆಗೆ ತಿಳಿಸಿದೆ. ಆಕೆ ನಕ್ಕಳು.

“ಬರ್ದ್ರೂ ಓಯ್ತದೆ, ಬಿಟ್ರೂ ಓಯ್ತದೆ. ಚೆನ್ನಾಗದೆ ನಿಮ್ ಲೆಕ್ಕ.”

“ಬಿಟ್ಟರೆ ಖಂಡಿತ ಹೋಗುತ್ತೆ. ಬರೆದಿದ್ದರೆ ನಾಳೆ ಕೇಳೋದಕ್ಕೊಂದು ದಾರಿ ಇರುತ್ತೆ.”

“ಯಾರ್ ಕೇಳೋದು? ನೀವಿರ್ತೀರಾ ನಾಳೆ?”

ವರದಿ ಕೊಟ್ಟರೆ ನನ್ನ ಕೆಲಸ ಮುಗಿಯುತ್ತಿತ್ತು. ಆ ಮೇಲೆ ಜಾಗಕ್ಕೆ ಬೇಲಿ ಬೀಳುತ್ತಿತ್ತು, ಒಳಗೆ ನನಗೂ ಪ್ರವೇಶವಿರಲಿಲ್ಲ. ಬಣ್ಣದ ಡಬ್ಬಿ ತೆರೆದು, ಕೆರೆದ ಗಾಯದ ಪಕ್ಕದಲ್ಲೇ ಮತ್ತೆ ಬರೆಯತೊಡಗಿದೆ. ಆಕೆ ತಡೆಯಲಿಲ್ಲ. ಇನ್ನೂ ಬಣ್ಣ ಆರದ ಮೊದಲ ಮರದ ಕೊಂಬೆಯನ್ನು ಬಗ್ಗಿಸಿ ಎಲೆ ಕೊಯ್ಯಲು ಶುರುಮಾಡಿದಳು. ಬಲಿತ ಎಲೆ ಆರಿಸಿ, ಚಿಗುರನ್ನು ಮರಕ್ಕೇ ಬಿಡುವುದು ಎಲೆ ಕೊಯ್ಯುವವರ ರೂಢಿ. ನಾನು ಒಂದೊಂದಕ್ಕೂ ನಂಬರು ಹಾಕುತ್ತ ಮುಂದಕ್ಕೆ ಹೋದಂತೆ ಆಕೆ ಹಿಂದೆಯೇ ಬಂದಳು. ಹೊಲಿಗೆಗೆ ಬಾರದ ಚಿಗುರನ್ನೂ ಬಿಡದೆ ಬೋಳಿಸಿ ಗೋಣಿಚೀಲಕ್ಕೆ ತುರುಕಿದಳು.