ಅವ್ವನ ಚಪ್ಪಲಿಯ ಉಳಿದರ್ಧ

ಈಚೆಗೆ ಶಿರಹಟ್ಟಿಯಲ್ಲಿ ಒಬ್ಬ ಹೆಂಗಸನ್ನು ಭೇಟಿಯಾದೆ. ಹನ್ನೆರಡು ವರ್ಷಗಳಿಂದ ಆಕೆ ನನ್ನ ಅವ್ವನ ಚಪ್ಪಲಿಯ ಉಳಿದರ್ಧವನ್ನು ಹಾಕಿಕೊಂಡು ಓಡಾಡುತ್ತಿದ್ದಾಳೆ.

ಒಗಟಲ್ಲ. ಪೂರ್ತಿ ಹೇಳುತ್ತೇನೆ.

ಅವ್ವನಿಗೆ ಮೂರನೇ ವಯಸ್ಸಿನಲ್ಲಿ ಪೋಲಿಯೋ ಆಗಿತ್ತು. ಎಡಗಾಲಿನ ಬೆಳವಣಿಗೆ ಕುಂಠಿತವಾಯಿತು. ಈಗ ಬಲಗಾಲಿಗೆ ಏಳನೇ ನಂಬರ್ ಚಪ್ಪಲಿ, ಎಡಗಾಲಿಗೆ ಐದು. ಆ ಕಾಲಲ್ಲೇ ಮುಂಡರಗಿ ಕಡೆಯ ಹಳ್ಳಿ ಶಾಲೆಗಳಲ್ಲಿ ಮೂವತ್ತು ವರ್ಷ ಟೀಚರ್ ಆಗಿ ದುಡಿದಳು. ಏಳರ ಜೋಡಿ ಕೊಂಡು, ಎಡದ ಚಪ್ಪಲಿಯ ಪಟ್ಟಿಗೆ ಒಳಗಿನಿಂದ ಬಟ್ಟೆ ಹೊಲಿದುಕೊಳ್ಳುತ್ತಿದ್ದಳು. ಸೀರೆಯನ್ನು ಎಡಗಡೆಗೆ ಒಂದಿಷ್ಟು ಇಳಿಬಿಟ್ಟು ಉಡುತ್ತಿದ್ದಳು. ಯಾಕೆಂದು ನನಗೆ ಹೊಳೆದದ್ದು ನಾನು ಹೈಸ್ಕೂಲಿಗೆ ಬಂದ ಮೇಲೆ. ಅಲ್ಲಿಯವರೆಗೆ ಅದು ಅವ್ವನ ಸ್ಟೈಲ್ ಎಂದೇ ತಿಳಿದಿದ್ದೆ.

ಎರಡು ಜೋಡಿ ಕೊಂಡು ಒಂದೊಂದು ಬಿಸಾಡಬಹುದಿತ್ತಲ್ಲ? ನಾನೂ ಕೇಳಿದ್ದೆ. "ಹೊಸಾ ಚಪ್ಲಿ ಬಿಸಾಡಾಕ ನನಗೇನ್ ಹುಚ್ಚ ಹಿಡದೈತೇನ?" ಎಂದಿದ್ದಳು.

ಅವ್ವ ರಿಟೈರ್ ಆಗುವ ಹೊತ್ತಿಗೆ, ಒಮ್ಮೆ ಅವಳ ತವರೂರು ಲಕ್ಷ್ಮೇಶ್ವರಕ್ಕೆ ಹೋಗಿದ್ದೆವು. ಬಜಾರದಲ್ಲಿ ನಡೆಯುವಾಗ ಪಟ್ಟಿ ಕಿತ್ತುಹೋಯಿತು. ಎದುರಿಗೇ ಒಂದು ಸಣ್ಣ ಚಪ್ಪಲಿ ಅಂಗಡಿ. ಮಾಲೀಕರು ಹುಸೇನಸಾಬರು. ಅವ್ವ ಮೆಟ್ಟಿಲು ಹತ್ತುವುದನ್ನು ನೋಡಿದರು. ಏನೂ ಕೇಳಲಿಲ್ಲ. ಅಟ್ಟ ಹತ್ತಿ, ಧೂಳು ಹಿಡಿದ ಒಂದು ಪೆಟ್ಟಿಗೆ ತಂದು ಬಿಚ್ಚಿದರು. ಒಳಗೆ ಎಡಕ್ಕೆ ಐದು, ಬಲಕ್ಕೆ ಏಳು. ಒಂದೇ ಬಣ್ಣ, ಒಂದೇ ಮಾದರಿ.

"ನಡದು ನೋಡ್ರಿ, ಅಕ್ಕಾರ."

ಅವ್ವ ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ನಡೆದಳು. ತಿರುಗಿ ಬಂದಳು. ಮತ್ತೆ ಹೋದಳು. ಅವಳು ಹಾಗೆ ನಡೆದದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಇವುಗಳ ಜೋಡಿ ಎಲ್ಲಿ ಹೋದುವು?" ಎಂದು ಕೇಳಿದಳು.

"ಅದಕ್ಕೊಬ್ರು ಗಿರಾಕಿ ಅದಾರ್ರಿ. ಅವರಿಗೆ ಬಲಗಾಲು ಸಣ್ಣದು. ನಿಮಗ ಬ್ಯಾಡಾದ್ದು ಅವರಿಗೆ ಬೇಕು."

ಅಂದಿನಿಂದ ವರ್ಷಕ್ಕೊಮ್ಮೆ ಅವ್ವನ ಲಕ್ಷ್ಮೇಶ್ವರ ಯಾತ್ರೆ ತಪ್ಪಲಿಲ್ಲ. ಆ ಕಾಣದ ಗಿರಾಕಿಯ ಬಗ್ಗೆ ಅವಳಿಗೆ ಎಷ್ಟು ಕಾಳಜಿ! "ಆಕಿಗೆ ಯಾವ ಬಣ್ಣ ಸೇರತೈತಿ, ಕೇಳ್ರಿ." ಹುಸೇನಸಾಬರದು ಒಂದೇ ಉತ್ತರ: "ಕಂದು ಬಣ್ಣ ಅಂದ್ರ ಅವರಿಗೆ ಜೀವ, ಅಕ್ಕಾರ." ಅವ್ವ ಕಂದು ಬಣ್ಣವನ್ನೇ ಆರಿಸುತ್ತಿದ್ದಳು.

ನಾನು ನಂಬಿದ್ದೆನೇ? ಇಲ್ಲ. ನಾನು ಗದಗಿನ ಕಾಲೇಜೊಂದರಲ್ಲಿ ಬಿಬಿಎ ಮಕ್ಕಳಿಗೆ ಮಾರ್ಕೆಟಿಂಗ್ ಪಾಠ ಮಾಡುವವಳು. ಗಿರಾಕಿಗೆ ಒಂದು ಕಥೆ ಕೊಡಿ, ಆಕೆ ಮತ್ತೆ ಬರುತ್ತಾಳೆ ಎಂದು ಪಿಪಿಟಿ ಹಾಕಿ ಕಲಿಸುವವಳು. ಹುಸೇನಸಾಬರು ಪಿಪಿಟಿ ಇಲ್ಲದೆ ಅದನ್ನೇ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ. ಮಿಕ್ಕ ಚಪ್ಪಲಿಗಳನ್ನು ಅಟ್ಟಕ್ಕೆ ಎಸೆದು, ಅವ್ವನ ಮನಸ್ಸಿಗೆ ಮುಜುಗರ ಆಗಬಾರದೆಂದು ಒಬ್ಬ ಹೆಂಗಸನ್ನು ಹುಟ್ಟಿಸಿಕೊಂಡಿದ್ದಾರೆ. ಒಳ್ಳೆಯ ಮನುಷ್ಯ. ಜಾಣ ವ್ಯಾಪಾರಿ. (ಕ್ಲಾಸಿನಲ್ಲಿ ಎರಡು ಸಲ ಉದಾಹರಣೆಯನ್ನೂ ಕೊಟ್ಟಿದ್ದೆ.)

ಈ ಸಲ ಹೋದಾಗ ಅಂಗಡಿ ಗುರುತೇ ಸಿಗಲಿಲ್ಲ. ಗಾಜಿನ ಬಾಗಿಲು, ಎಸಿ, ದೊಡ್ಡದೊಂದು ಕಂಪನಿಯ ಬೋರ್ಡು. ಹುಸೇನಸಾಬರಿಗೆ ಮೊಣಕಾಲು ನೋವು, ಮನೆಯಲ್ಲೇ ಇರುತ್ತಾರೆ. ಮಗ ಇಮ್ತಿಯಾಜ್ ಡೀಲರ್‌ಶಿಪ್ ತೆಗೆದುಕೊಂಡಿದ್ದಾನೆ. ಒಳ್ಳೆಯ ಹುಡುಗ. ಎದ್ದು ನಿಂತು ನೀರು ಕೊಟ್ಟ. ಅವ್ವ ಕೇಳಿದ್ದಕ್ಕೆ ಮಾತ್ರ ಅವನ ಮುಖ ಸಣ್ಣದಾಯಿತು.

"ಅವ್ವಾರ, ಈಗ ಪೆಟ್ಟಿಗಿ ಮ್ಯಾಲೆ ಬಾರ್‌ಕೋಡ್ ಐತ್ರಿ. ಜೋಡಿ ಒಡದ್ರ ಕಂಪ್ಯೂಟರ್ ತಗೊಳ್ಳಂಗಿಲ್ಲ. ಅಪ್ಪನ ಕಾಲದಾಗ ಬ್ಯಾರೇ ಇತ್ತು."

"ಇರ್ಲಿ ಬಿಡಪ್ಪಾ" ಎಂದಳು ಅವ್ವ. ಏಳರ ಜೋಡಿಯೊಂದನ್ನು ಕಟ್ಟಿಸಿಕೊಂಡಳು. ಗದಗ-ಬೆಟಗೇರಿಯ ಮನೆಗೆ ಬಂದವಳೇ ಸೂಜಿ-ದಾರ ತೆಗೆದಳು.

ಆದರೆ ಹನ್ನೆರಡು ವರ್ಷ ಸರಿಯಾದ ಚಪ್ಪಲಿ ಹಾಕಿದ ಕಾಲು ಹಳೆಯ ಅಭ್ಯಾಸವನ್ನು ಮರೆತಿತ್ತು. ಅವಳಿಗೂ ಎಪ್ಪತ್ತಾಗಿದೆ. ಮೂರನೇ ದಿನ ಕಾಯಿಪಲ್ಲೆ ತರಲು ಹೋದವಳು ಸಂತೆಯಲ್ಲಿ ಮುಗ್ಗರಿಸಿ ಬಿದ್ದಳು. ಮೊಣಕಾಲು ತರಚಿ ರಕ್ತ ಬಂದಿತ್ತು. ಅದು ಎರಡು ದಿನದಲ್ಲಿ ಮಾಗಿತು. ಅವಳು ಮಾತ್ರ ಹೊರಗೆ ಕಾಲಿಡಲಿಲ್ಲ. ಹತ್ತು ದಿನ. "ಬದನೀಕಾಯಿ ನೀನ ತಗೊಂಡ್ ಬಾ" ಎಂದಳು. ಬದನೆಕಾಯಿಯನ್ನು ನನ್ನ ಕೈಯಲ್ಲಿ ಎಂದೂ ಆರಿಸಲು ಬಿಡದ ಅವ್ವ! ನನಗೆ ಹೆದರಿಕೆಯಾಯಿತು.

ಲಕ್ಷ್ಮೇಶ್ವರಕ್ಕೆ ಮತ್ತೆ ಹೋದೆ, ಒಬ್ಬಳೇ. ಸೀದಾ ಹುಸೇನಸಾಬರ ಮನೆಗೆ. ಏನಾದರೂ ಮಾಡಿ ಎಂದು ಕೇಳುವುದಿತ್ತು. ಬಾಯಿಂದ ಬಂದದ್ದು ಬೇರೆ.

"ಖರೇ ಹೇಳ್ರಿ. ಆ ಇನ್ನೊಬ್ಬ ಗಿರಾಕಿ ಅದಾರೋ ಇಲ್ಲೋ?"

ಅವರು ನನ್ನನ್ನೇ ನೋಡಿದರು. ಸಿಟ್ಟು ಬಂದಿತ್ತು.

"ನಾ ಸುಳ್ಳ ಹೇಳಿ ಚಪ್ಲಿ ಮಾರೀನಿ ಅಂತ ತಿಳದೀರೇನ್ರಿ? ಮೊದ್ಲ ಬಂದಾಕಿನ ಆಕಿ. ಆಕಿಗಂತ ಜೋಡಿ ಒಡದೆ. ಉಳದದ್ದು ಎರಡು ವರ್ಷ ಅಟ್ಟದ ಮ್ಯಾಲಿತ್ತು. ಎಡಗಾಲು ಸಣ್ಣದು ಇದ್ದಾರು ಒಬ್ರರ ಬರ್ತಾರ ಅಂತ ಬಾಗಲಾ ನೋಡ್ಕೋತ ಕುಂತಿದ್ನಿ. ನಿಮ್ಮ ಅವ್ವಾರು ಮೆಟ್ಲಾ ಹತ್ತಿದ್ರು ನೋಡ್ರಿ, ನನ್ನ ಎದಿ ಝಲ್ ಅಂತು!"

ನಾನು ತಲೆ ತಗ್ಗಿಸಿದೆ. ಎರಡು ವರ್ಷ ಬಾಗಿಲು ನೋಡುತ್ತ ಕೂತವರನ್ನು ನಾನು ಸೇಲ್ಸ್ ಟ್ರಿಕ್ ಎಂದು ಪಾಠ ಮಾಡಿಬಿಟ್ಟಿದ್ದೆ.

"ಅವರ ಮನಿ ಎಲ್ಲಿ?"

"ಹಂಗ ಹ್ಯಾಂಗ ಹೇಳ್ಲಿ? ಆಕಿನ್ನ ಕೇಳಬೇಕಲ್ಲಾ? ನಿಮ್ಮ ಅವ್ವಾರ ಹೆಸರೂ ನಾ ಆಕಿಗೆ ಹೇಳಿಲ್ಲ. ಗದಗಿನ ಅಕ್ಕಾರು ಅಂತೀನಿ, ಅಷ್ಟ."

ಮರುದಿನ ಫೋನ್ ಬಂತು. "ಬರ್ಲಿ ಅಂದಾಳ. ಶಿರಹಟ್ಟಿ. ಕೌದಿ ಹೊಲಿಯೋ ರಜಿಯಾಬಿ ಅಂತ ಕೇಳ್ರಿ."

ಬಸ್ಸು ಹತ್ತಿದೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಚಪ್ಪಲಿಯ ಚಿಂತೆಗಿಂತ ಕುತೂಹಲವೇ ಹೆಚ್ಚಾಗಿತ್ತು. ಅವ್ವನ ಜೊತೆ ಹೆಜ್ಜೆ ಹಂಚಿಕೊಂಡ ಆ ಹೆಂಗಸು ಹೇಗಿರಬಹುದು?

ರಜಿಯಾಬಿ ಐವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ಪಡಸಾಲೆಯ ತುಂಬ ಹಳೆ ಸೀರೆಗಳ ತುಂಡು ಹರಡಿಕೊಂಡು ಕೌದಿಗೆ ದಾರ ಹಾಕುತ್ತಿದ್ದಳು. ಬಾಗಿಲಲ್ಲಿ ನಿಂತ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು.

"ನೀವಲ್ಲ" ಎಂದಳು.

"ಅಲ್ಲ. ನಾನು ಮಗಳು."

"ಅಕ್ಕಾರು ಬರ್ಲಿಲ್ಲೇನ್ರಿ? ಬರ್ರಿ, ಕುಂಡ್ರಿ. ನನಗೊಂದ್ ಮಾತ ಕೇಳೋದೈತಿ ಅವರ್ನ. ಹನ್ನೆರಡ ವರ್ಷ ಆತು. ಬರೇ ಕಂದು, ಕಂದು, ಕಂದು! ಮಣ್ಣಿನ ಬಣ್ಣ. ಬ್ಯಾಸರಾಗಂಗಿಲ್ಲೇನ್ರಿ ಅವರಿಗೆ?"

ನಾನು ತಬ್ಬಿಬ್ಬಾದೆ. "ನಿಮಗ ಕಂದು ಬಣ್ಣ ಅಂದ್ರ ಜೀವ ಅಂತಲ್ಲ?"

"ನನಗ? ಯಾರ್ ಹೇಳಿದ್ರು? ಅಕ್ಕಾರಿಗೆ ಕಂದು ಬಿಟ್ರ ಬ್ಯಾರೇ ಸೇರಂಗಿಲ್ಲ ಅಂತ ಹುಸೇನಭಾಯಿ ಹೇಳ್ತಿದ್ರು. ಹಿರ್‍ಯಾರು, ಇರ್ಲಿ ಅಂತ ಸುಮ್ಮನಿದ್ನಿ. ನನಗ ಕೆಂಪ ಬೇಕಾಗಿತ್ತು!"

ಇಬ್ಬರೂ ನಕ್ಕ ನಗುವಿಗೆ ಪಕ್ಕದ ಮನೆಯವರು ಇಣುಕಿದರು. ಸುಳ್ಳು ಹೇಳಿ ಚಪ್ಪಲಿ ಮಾರಿಲ್ಲವಂತೆ! ಇಬ್ಬರು ಹೆಂಗಸರು ಬಣ್ಣಕ್ಕೆ ಜಗಳಾಡಿದರೆ ಜೋಡಿ ಕೆಡುತ್ತದೆಂದು ಆ ಮನುಷ್ಯ ಹನ್ನೆರಡು ವರ್ಷ ಇಬ್ಬರನ್ನೂ ಕಂದು ಬಣ್ಣದಲ್ಲಿ ಕಟ್ಟಿಹಾಕಿದ್ದರು.

ಚಿಕ್ಕವಳಿದ್ದಾಗ ಎತ್ತಿನ ಚಕ್ಕಡಿಯ ಗಾಲಿ ಅವಳ ಬಲಗಾಲಿನ ಮೇಲೆ ಹಾದು ಬೆರಳುಗಳು ಹೋಗಿದ್ದವಂತೆ. ಅಂಗಡಿ ಬದಲಾದ ಮೇಲೆ ಅವಳಿಗೂ ಚಪ್ಪಲಿ ಇಲ್ಲ. ಒಂದು ಕಾಲಿಗೆ ಹಳೆಯದು, ಇನ್ನೊಂದಕ್ಕೆ ಮೊಮ್ಮಗಳ ರಬ್ಬರ್ ಸ್ಲಿಪ್ಪರ್.

ಅವ್ವನಿಗೆ ಫೋನ್ ಹಚ್ಚಿ, ಯಾರೆಂದು ಹೇಳಿ, ಸ್ಪೀಕರ್ ಒತ್ತಿ ರಜಿಯಾಬಿಯ ಕೈಗೆ ಕೊಟ್ಟೆ. ಏನು ಮಾತಾಡಿಕೊಳ್ಳುತ್ತಾರೋ ಎಂದು ನನಗೆ ಕಾತರ. ಹೇಗಿದ್ದೀರಿ ಎಂದೂ ಕೇಳಲಿಲ್ಲ ಅವ್ವ. "ನಿಂದು ಎಡಗಾಲು ಏಳು, ಬಲಗಾಲು ಐದು, ಹೌದಿಲ್ಲ?" ಎಂದಳು. ಮೂವತ್ತು ವರ್ಷ ಗಣಿತ ಹೇಳಿದವಳು. ಅರ್ಧ ನಿಮಿಷದಲ್ಲಿ ಲೆಕ್ಕ ಮುಗಿಯಿತು. "ನೀ ಐದರ ಜೋಡಿ ತಗೋ, ನಾ ಏಳರದು ತಗೋತೀನಿ. ಹೊರಗ ಬಂದು ಅದಲಾ ಬದಲಿ ಮಾಡೂಣು. ಕಂಪ್ಯೂಟರಿಗೇನ್ ತಿಳೀತೈತಿ?"

ಇಷ್ಟು ಸುಲಭ! ಮಾರ್ಕೆಟಿಂಗ್ ಓದಿದ ನನಗೇಕೆ ಹೊಳೆಯಲಿಲ್ಲ? (ಈ ಪ್ರಶ್ನೆಗೆ ಉತ್ತರ ಕಳಿಸಬೇಡಿ.)

ಮಂಗಳವಾರ ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಅವರಿಬ್ಬರೂ ಮೊದಲ ಸಲ ಎದುರಾದರು. ಅವ್ವ ಎಡಕ್ಕೆ ವಾಲಿ ನಡೆಯುತ್ತಾಳೆ, ರಜಿಯಾಬಿ ಬಲಕ್ಕೆ. ಪಕ್ಕಪಕ್ಕ ನಡೆದಾಗ ಒಮ್ಮೆ ದೂರವಾಗುತ್ತಿದ್ದರು, ಒಮ್ಮೆ ಭುಜಕ್ಕೆ ಭುಜ ತಾಗುತ್ತಿತ್ತು. ಅಂಗಡಿ ಮುಟ್ಟುವ ಹೊತ್ತಿಗೆ ಕೈ ಹಿಡಿದುಕೊಂಡಿದ್ದರು.

ಬಣ್ಣಕ್ಕೆ ಚರ್ಚೆ ನಡೆಯಿತು. "ಈ ವಯಸ್ಸಿನಾಗ ಕೆಂಪೇನ?" ಎಂದಳು ಅವ್ವ. "ಕಾಲಿಗೆ ಎಂಥಾ ವಯಸ್ಸ, ಅಕ್ಕಾ?" ಎಂದಳು ರಜಿಯಾಬಿ. ಕೆಂಪು ಗೆದ್ದಿತು. ಎರಡು ಪೆಟ್ಟಿಗೆ, ಎರಡು ಬಿಲ್ಲು. ಕಂಪ್ಯೂಟರ್ ಚಕಾರ ಎತ್ತಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು ಇಬ್ಬರೂ ಒಂದೊಂದು ಚಪ್ಪಲಿ ಬದಲಿಸಿಕೊಂಡರು.

ಗಾಜಿನ ಒಳಗಿನಿಂದ ನೋಡುತ್ತಿದ್ದ ಇಮ್ತಿಯಾಜ್ ಓಡಿ ಬಂದ. ಮುಖ ಅರಳಿತ್ತು. ಕೈಯಲ್ಲಿ ಮೊಬೈಲು.

"ಅವ್ವಾರ, ಭಾಳ ಚೊಲೋ ಐತ್ರಿ ಇದು! ಒಂದ್ ಸಣ್ಣ ರೀಲ್ ಮಾಡೂಣ್ರಿ. ಮುಖ ಬ್ಯಾಡ, ಬರೇ ಕಾಲು. ಅಂಗಡಿ ಪೇಜಿಗೆ ಹಾಕ್ತೀನಿ. ಮಂದಿಗೆ ಗೊತ್ತಾಗ್ಲಿ."

ರಜಿಯಾಬಿ ಸೆರಗು ಎಳೆದುಕೊಂಡು ಕಾಲನ್ನು ಹಿಂದಕ್ಕೆ ಸರಿಸಿದಳು. ಅವ್ವ ಅದನ್ನು ನೋಡಿದಳು. ಅವನ ಮೇಲೆ ರೇಗಲಿಲ್ಲ. ಪಾಠ ಹೇಳುವ ಅದೇ ದನಿಯಲ್ಲಿ ಹೇಳಿದಳು.

"ತಮ್ಮಾ, ನಿಮ್ಮಪ್ಪಾರು ಹನ್ನೆರಡ ವರ್ಷ ನಮ್ಮಿಬ್ಬರ ಕಾಲಿಗೆ ಚಪ್ಲಿ ಹಾಕಿದ್ರು. ನಮ್ಮ ಕಾಲಿನ ಮಾತು ಒಂದ ದಿನಾ ಹೊರಗಿನವರ ಮುಂದ ಆಡ್ಲಿಲ್ಲ. ಅದಕ್ಕ ನಾವು ಈ ಮೆಟ್ಲಾ ಹತ್ತತಿದ್ವಿ."

ಇಮ್ತಿಯಾಜ್ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಮೆಲ್ಲಗೆ, "ಮುಂದಿನ ಸಲ ಒಂದ್ ಫೋನ್ ಮಾಡ್ರಿ, ಅವ್ವಾರ. ಎರಡೂ ನಂಬರ್ ತರಿಸಿ ಇಟ್ಟಿರ್ತೀನಿ. ಒಳಗ ಕುಂತು ಬದಲಿ ಮಾಡ್ಕೊಳ್ರಿ, ಪರದಾ ಹಾಕ್ತೀನಿ" ಎಂದ.

ಅವನೂ ಕಲಿಯುತ್ತಾನೆ ಅನ್ನಿಸಿತು.

ಇದನ್ನು ಬರೆಯಲು ಇಬ್ಬರ ಒಪ್ಪಿಗೆಯನ್ನೂ ಕೇಳಿದ್ದೇನೆ. ಹೆಸರು ಬದಲಿಸುವುದಾದರೆ ಬರಿ ಎಂದರು. ಆದ್ದರಿಂದ ಇಲ್ಲಿನ ಹೆಸರುಗಳು ಯಾವುವೂ ನಿಜವಲ್ಲ. ಕೆಂಪು ಬಣ್ಣ ಮಾತ್ರ ನಿಜ. ನಿನ್ನೆ ಅವ್ವ ಸಂತೆಗೆ ಹೋಗಿ ತಾನೇ ಬದನೆಕಾಯಿ ಆರಿಸಿ ತಂದಳು. ನಾನು ತಂದಿದ್ದ ಬದನೆಕಾಯಿಯ ಬಗ್ಗೆ ಹತ್ತು ದಿನದ ಬಾಕಿ ಬೈಗುಳವನ್ನೂ ಸೇರಿಸಿ ಬೈದಳು.

ಗಿರಾಕಿಯ ಬಗ್ಗೆ ಎಲ್ಲವನ್ನೂ ತಿಳಿದುಕೊಳ್ಳಿ ಎಂದು ವರ್ಷವಿಡೀ ಕಲಿಸುತ್ತೇನೆ. ತಿಳಿದದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುವುದನ್ನು ಯಾವ ಪಾಠದಲ್ಲಿ ಸೇರಿಸಲಿ?