ಆರ್ಡಿಸ್ ಕ್ವಾಮ್ ಮತ್ತು ನಲವತ್ತು ಅಡಿ ಕಾಲುವೆ

ಸೋಮವಾರ ಬೆಳಗಿನ ಐದೂ ಮುಕ್ಕಾಲು. ರಾತ್ರಿಯಿಡೀ ಸುರಿದ ಮಳೆ ಈಗಷ್ಟೇ ನಿಂತಿದೆ. ಡೆಲ್ಮರ್ ಫ್ರೋಲಿಕ್ ಅವರ ಇಳಿಜಾರು ಹೊಲದ ನಡುವೆ, ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬರು ಸೊಂಟ ಬಗ್ಗಿಸಿ ಹುಲ್ಲು ನೋಡುತ್ತಿದ್ದಾರೆ. ಎರಡೂ ಬದಿಗೆ ಗೇಣುದ್ದದ ಮೆಕ್ಕೆಜೋಳ. ನಡುವೆ ನಲವತ್ತು ಅಡಿ ಅಗಲದ, ತಟ್ಟೆಯಂತೆ ತಗ್ಗಾದ ಹುಲ್ಲಿನ ಪಟ್ಟಿ. ಅದರ ಮೇಲೆ ಪಾದ ಮುಳುಗುವಷ್ಟು ನೀರು ಸದ್ದಿಲ್ಲದೆ ಇಳಿಯುತ್ತಿದೆ. ಆಕೆ ಜೇಬಿನಿಂದ ಉಪ್ಪಿನಕಾಯಿಯ ಖಾಲಿ ಬಾಟಲಿ ತೆಗೆದು ನೀರು ತುಂಬಿಸುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಮತ್ತೆ ಚೆಲ್ಲುತ್ತಾರೆ.

“ಪರವಾಗಿಲ್ಲ” ಎನ್ನುತ್ತಾರೆ. ಮಿನೆಸೋಟ ರಾಜ್ಯದ ಈ ಆಗ್ನೇಯ ಮೂಲೆಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ಇಲ್ಲಿನ ಪತ್ರಿಕೆಗೆ ಬರೆಯುವ ನಾನಂತೂ ಇಪ್ಪತ್ತೆರಡು ವರ್ಷದಲ್ಲಿ ಕೇಳಿಲ್ಲ.

ಇವರು ಆರ್ಡಿಸ್ ಕ್ವಾಮ್. ವಯಸ್ಸು ಅರವತ್ತೊಂದು. ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಮಣ್ಣು–ನೀರು ಸಂರಕ್ಷಣಾ ಮಂಡಳಿಯ ತಂತ್ರಜ್ಞೆ. ಊರವರ ಬಾಯಲ್ಲಿ ಅದು ಬರೀ ಮಣ್ಣಿನ ಆಫೀಸು. ಪಶು ಆಹಾರದ ಅಂಗಡಿಯ ಹಿಂಭಾಗದಲ್ಲಿ ಎರಡು ಕೋಣೆ, ಮೂರು ಜನ, ಒಂದು ಹಳೇ ಪಿಕಪ್. ಮೇಲೆ ಜನರೇ ಆರಿಸಿದ ಐವರು ರೈತರ ಸಮಿತಿ. ಹೊಲದ ಮಣ್ಣು ಹೊಳೆ ಸೇರದಂತೆ, ಹೊಳೆಯ ಕೊಳೆ ಬಾವಿ ಸೇರದಂತೆ ನೋಡಿಕೊಳ್ಳುವುದು ಇವರ ಕೆಲಸ. ರೈತ ಕಾಲುವೆಗೋ ಬದುವಿಗೋ ಒಪ್ಪಿದರೆ ಖರ್ಚಿನ ಮುಕ್ಕಾಲು ಪಾಲು ರಾಜ್ಯದ ಅನುದಾನದಿಂದ ಬರುತ್ತದೆ. ಆ ಅನುದಾನ ತಾನಾಗಿ ಬರುವುದಿಲ್ಲ. ಯಾರಾದರೂ ಹೊಲ ಅಳೆಯಬೇಕು, ನಕ್ಷೆ ಹಾಕಬೇಕು, ಮೂವತ್ತು ಪುಟದ ಅರ್ಜಿ ಬರೆಯಬೇಕು, ತಿರಸ್ಕಾರವಾದರೆ ಮರುವರ್ಷ ಮತ್ತೆ ಬರೆಯಬೇಕು. ಮೂವತ್ತನಾಲ್ಕು ವರ್ಷಗಳಿಂದ ಆ ಯಾರಾದರೂ ಅಂದರೆ ಆರ್ಡಿಸ್.

ಇವತ್ತು ಅವರು ಇಷ್ಟು ಬೇಗ ಬಂದಿರುವುದಕ್ಕೆ ಕಾರಣವಿದೆ. ಹರಿವ ನೀರನ್ನು ನಿಧಾನಿಸಿ ಮಣ್ಣು ಹಿಡಿದಿಡುವ ಈ ಹುಲ್ಲುಗಾಲುವೆಗೆ, ಹುಲ್ಲು ಬೇರೂರಿದ ಮೇಲೆ ಬಂದ ಮೊದಲ ದೊಡ್ಡ ಮಳೆ ಇದು. ಹೊಲದ ತಗ್ಗಿನಲ್ಲಿ ನೆಲ ಕುಸಿದು ಆದ ಒಂದು ಗುಂಡಿಯಿದೆ. ಬಾಯಿ ಕೊಟ್ಟಿಗೆಯಷ್ಟು ಅಗಲ. ಆಳ ಎಷ್ಟೆಂದು ಯಾರೂ ಇಳಿದು ನೋಡಿಲ್ಲ. ಅಡಿಯೆಲ್ಲ ಸುಣ್ಣಕಲ್ಲು, ಒಳಗೆಲ್ಲ ಪೊಳ್ಳು. ಹಿಂದೆಲ್ಲ ಮಳೆ ಬಂದಾಗ ಹೊಲದ ಮಣ್ಣು, ಗೊಬ್ಬರ, ಔಷಧ ಎಲ್ಲವೂ ಕೊರಕಲಿನಲ್ಲಿ ಹರಿದು ಬಂದು ಈ ಗುಂಡಿಗೆ ಬೀಳುತ್ತಿತ್ತು. ಮಾರನೇ ದಿನ ಅರ್ಧ ಮೈಲಿ ಕೆಳಗಿನ ಬ್ರಿಟ್ಟಾ ಟೊಲೆಫ್‌ಸನ್ ಅವರ ಮನೆಯಲ್ಲಿ ಬಾವಿಗೆ ಜೋಡಿಸಿದ ನಲ್ಲಿಯಿಂದ ಟೀ ಬಣ್ಣದ ನೀರು ಬರುತ್ತಿತ್ತು.

ಎರಡಕ್ಕೂ ಸಂಬಂಧವಿದೆ ಎಂದು ತೋರಿಸಿಕೊಟ್ಟವರೂ ಆರ್ಡಿಸ್ ಅವರೇ. ಐದು ವರ್ಷದ ಹಿಂದೆ, ಸುತ್ತಲ ಮನೆಗಳಿಗೆಲ್ಲ ಮೊದಲೇ ತಿಳಿಸಿ, ಗುಂಡಿಗೆ ಒಂದು ಬಕೆಟ್ ಅಪಾಯವಿಲ್ಲದ ಹಸಿರು ಬಣ್ಣ ಸುರಿದರು. ಹತ್ತೊಂಬತ್ತು ಗಂಟೆಯ ನಂತರ ಬ್ರಿಟ್ಟಾ ಫೋನ್ ಮಾಡಿದರು. ಅಡುಗೆಮನೆಯ ಸಿಂಕು ಪಾಚಿ ಕಟ್ಟಿದಂತೆ ಹಸಿರಾಗಿತ್ತು. ಬ್ರಿಟ್ಟಾ ಆಗ ಏಳು ತಿಂಗಳ ಬಸುರಿ. ಹೊಟ್ಟೆಯಲ್ಲಿದ್ದ ಸೋಲ್ವೈಗೆ ಈಗ ಐದು ವರ್ಷ ತುಂಬುತ್ತ ಬಂತು. ನಲ್ಲಿ ನೀರು ಕಾಲು ತೊಳೆಯುವುದಕ್ಕೆ, ಕ್ಯಾನಿನ ನೀರು ಬಾಯಿಗೆ ಎಂದು ಅವಳು ತಿಳಿದಿದ್ದಾಳೆ. ಅವಳ ಲೋಕದಲ್ಲಿ ನೀರು ಇರುವುದೇ ಎರಡು ಜಾತಿ.

ಆರ್ಡಿಸ್ ಈ ಕೆಲಸಕ್ಕೆ ಬಂದದ್ದು ಟೈಪಿಸ್ಟಾಗಿ. ಹಿಂದಿನ ತಂತ್ರಜ್ಞರಿಗೆ ಅಳತೆಕೋಲು ಹಿಡಿಯಲು ಆಳಿರಲಿಲ್ಲ, ಇವರು ಹಿಡಿದರು. ಕೋಲು ಹಿಡಿದವರು ನೆಲದ ಮಟ್ಟ ಅಳೆಯಲು ಕಲಿತರು, ಮಟ್ಟ ಕಲಿತವರು ನಕ್ಷೆ ಕಲಿತರು, ರಾತ್ರಿ ಕಾಲೇಜಿಗೆ ಹೋಗಿ ಪ್ರಮಾಣಪತ್ರ ತಂದರು. ಮೊದಮೊದಲು ಹೊಲಕ್ಕೆ ಹೋದರೆ ರೈತರು “ಸಾಹೇಬ್ರು ಬರ್ಲಿಲ್ವಾ?” ಎಂದು ಪಿಕಪ್ಪಿನ ಒಳಗೆ ಇಣುಕುತ್ತಿದ್ದರಂತೆ. ಈಗ ಅವರನ್ನು ಹುಲ್ಲಮ್ಮ ಅನ್ನುತ್ತಾರೆ. ಹುಲ್ಲಮ್ಮ ಬಂದ್ಲು, ಜೋಳ ಬಚ್ಚಿಡ್ರಪ್ಪಾ ಎಂದು ಕಾಫಿ ಅಂಗಡಿಯಲ್ಲಿ ನಗೆಯಾಡುತ್ತಾರೆ. ಜೋಳ ಬೆಳೆವ ನೆಲವನ್ನು ಹುಲ್ಲಿಗೆ ಬಿಡಿ ಎಂದು ಕೇಳುವವರಿಗೆ ಇಲ್ಲಿ ಇನ್ನೇನು ಹೆಸರು ಸಿಕ್ಕೀತು?

ದಿನಕ್ಕೆ ಆರೇಳು ಮೈಲಿ ನಡಿಗೆ. ಒಂದು ಮಂಡಿಗೆ ಶಸ್ತ್ರಚಿಕಿತ್ಸೆಯಾಗಿದೆ, ಇನ್ನೊಂದು ಸರದಿಯಲ್ಲಿದೆ. ವರ್ಷಕ್ಕೆ ಎರಡು ಸಾವಿರ ಗುಲಾಬಿ ಬಾವುಟ ನೆಡುತ್ತಾರೆ. ಎಲ್ಲಿ ಅಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ತಂತಿಯ ತುದಿಯಲ್ಲಿ ಅಂಗೈಯಗಲದ ಗುರುತು. ಇಷ್ಟೂ ವರ್ಷದಲ್ಲಿ ಮುನ್ನೂರ ಹನ್ನೆರಡು ಹುಲ್ಲುಗಾಲುವೆ. ಒಂದಕ್ಕೂ ಅವರ ಹೆಸರಿಲ್ಲ, ಫಲಕವಿಲ್ಲ. ಆರ್ಡಿಸ್ ಅವರ ಹುದ್ದೆಯೂ ಅನುದಾನದ್ದೇ. ಎರಡು ವರ್ಷಕ್ಕೊಮ್ಮೆ ತಮ್ಮ ಕೆಲಸ ಏಕೆ ಬೇಕು ಎಂದು ತಾವೇ ಅರ್ಜಿ ಬರೆಯಬೇಕು. ಒಂದು ಸಲ ಅನುದಾನ ಬರಲಿಲ್ಲ. ಏಳು ತಿಂಗಳು ಶಾಲೆಯ ಬಸ್ಸು ಓಡಿಸಿದರು. ಬಸ್ಸಿನ ದಾರಿಯಲ್ಲಿ ಯಾವ ಕಾಲುವೆಯ ಹುಲ್ಲು ಒಣಗಿದೆ ಎಂದು ಬರೆದಿಟ್ಟುಕೊಳ್ಳುತ್ತಿದ್ದರು.

“ಬಸ್ಸಲ್ಲಿ ಎತ್ತರ ಜಾಸ್ತಿ, ಹೊಲ ಚೆನ್ನಾಗಿ ಕಾಣ್ಸುತ್ತೆ” ಎನ್ನುತ್ತಾರೆ.

ಇನ್ನು ನಲವತ್ತು ಅಡಿಯ ಕಥೆಗೆ ಬರೋಣ. ಫ್ರೋಲಿಕ್ ಹೊಲದ ಅರ್ಜಿಯನ್ನು ರಾಜ್ಯದ ಕಚೇರಿ ಎರಡು ವರ್ಷ ತಿರಸ್ಕರಿಸಿತು. ಮೂರನೇ ವರ್ಷ, ಅಂದರೆ ಎರಡು ವರ್ಷದ ಹಿಂದಿನ ಏಪ್ರಿಲ್‌ನಲ್ಲಿ, ಮಂಜೂರು ಮಾಡಿತು. ಆರ್ಡಿಸ್ ಬಾವುಟ ನೆಟ್ಟರು. ಗುರುವಾರ ಸಂಜೆ ಸಮಿತಿಯ ಸಭೆಯಲ್ಲಿ ಕರಾರಿಗೆ ಸಹಿ ಬೀಳಬೇಕಿತ್ತು. ನಿಯಮ ಒಂದೇ ಸಾಲಿನದು. ಸಹಿಗೆ ಮೊದಲು ಕೆಲಸ ಶುರುವಾದರೆ ಅನುದಾನವಿಲ್ಲ.

ಡೆಲ್ಮರ್‌ಗೆ ಆ ವಾರ ಸೊಂಟದ ಕೀಲು ಬದಲಿಸಿದ್ದರು. ಇಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ನೆರೆಯವರು ಕೇಳದೆಯೇ ಯಂತ್ರ ತಂದು ಅವರ ಹೊಲದ ಕೆಲಸ ಮುಗಿಸಿ ಹೋಗುತ್ತಾರೆ. ಬೇಕಾ ಎಂದು ಕೇಳುವುದು ಅವಮಾನ, ಮಾಡಿದ್ದನ್ನು ಹೇಳಿಕೊಳ್ಳುವುದು ಅದಕ್ಕಿಂತ ದೊಡ್ಡ ಅವಮಾನ. ಪಕ್ಕದ ಹೊಲದ ವರ್ಲಿನ್ ಹಾಗನ್‌ಸನ್ ಅವರಿಗೆ ಎಪ್ಪತ್ತಾರು ವರ್ಷ. ಮಂಗಳವಾರ ಬೆಳಿಗ್ಗೆ ಅವರು ಗುಲಾಬಿ ಬಾವುಟಗಳನ್ನು ನೋಡಿದರು. ತಮ್ಮ ಬುಲ್ಡೋಜರ್ ಏರಿದರು. ಆರ್ಡಿಸ್ ಬರುವ ಹೊತ್ತಿಗೆ ನಲವತ್ತು ಅಡಿ ಉದ್ದ ಅಗೆದಾಗಿತ್ತು, ಅದೂ ಬಾವುಟದ ಗೆರೆಗೆ ಕೂದಲೆಳೆಯಷ್ಟೂ ತಪ್ಪದೆ.

ತಮಾಷೆ ಏನೆಂದರೆ, ವರ್ಲಿನ್ ಆ ಐವರ ಸಮಿತಿಯಲ್ಲಿ ಒಬ್ಬರು. ಗುರುವಾರ ಸಹಿ ಹಾಕಬೇಕಾಗಿದ್ದ ಕೈಯೇ ಮಂಗಳವಾರ ಡೋಜರ್ ಓಡಿಸಿತ್ತು. ನಿಯಮ ಅವರಿಗೆ ಬಾಯಿಪಾಠ.

“ನಿಯಮ ಕೆಲಸಕ್ಕಲ್ವಾ?” ಎಂದು ವರ್ಲಿನ್ ಇಂದಿಗೂ ಕೇಳುತ್ತಾರೆ. “ದುಡ್ಡು ತಗೊಂಡು ಮಾಡಿದ್ರೆ ಅದು ಕೆಲಸ. ನಾನು ಮಾಡಿದ್ದು ಪಕ್ಕದ ಮನೆಯವನು ಮಾಡೋದು. ಅದನ್ನ ಯಾರಾದ್ರೂ ಕೆಲಸ ಅಂತಾರಾ?”

ಮುಚ್ಚಿಬಿಡು ಎಂದರು ಎಲ್ಲರೂ. ಮಣ್ಣು ಹಿಂದಕ್ಕೆ ತಳ್ಳಿ, ಮೇಲೆ ಓಟ್ಸ್ ಬೀಜ ಚೆಲ್ಲಿದರೆ ಹತ್ತು ದಿನದಲ್ಲಿ ಹಸಿರಾಗುತ್ತದೆ, ನೂರು ಮೈಲಿ ದೂರದಲ್ಲಿ ಕೂತವರಿಗೆ ಏನು ಕಾಣುತ್ತದೆ ಎಂದು ಸಮಿತಿಯ ಅಧ್ಯಕ್ಷರೇ ಹೇಳಿದರು. ಸುಳ್ಳು ಹೇಳಬೇಕಾಗಿಲ್ಲ, ಬಾಯಿ ಬಿಡದಿದ್ದರೆ ಸಾಕು ಎಂದರು. ಬಾಯಿ ಬಿಡದಿರುವುದು ಈ ಸೀಮೆಯವರಿಗೆ ಹುಟ್ಟಿನಿಂದಲೇ ಬಂದ ವಿದ್ಯೆ.

ಆರ್ಡಿಸ್ ಅಗೆದ ಜಾಗದಲ್ಲಿ ಅಳತೆಕೋಲು ನಿಲ್ಲಿಸಿ, ಆಳ ಕಾಣುವಂತೆ ನಾಲ್ಕು ಫೋಟೋ ತೆಗೆದು, ಮಧ್ಯಾಹ್ನದೊಳಗೆ ರಾಜ್ಯದ ಕಚೇರಿಗೆ ತಾವೇ ಕಳಿಸಿದರು. ಶುಕ್ರವಾರ ಉತ್ತರ ಬಂತು. ಅನುದಾನ ರದ್ದು. ಬೇಕಾದರೆ ಮುಂದಿನ ವರ್ಷ ಹೊಸದಾಗಿ ಅರ್ಜಿ ಹಾಕಬಹುದು.

“ನನ್ನ ಅರ್ಜಿ ಓದೋರು ಈ ಹೊಲ ನೋಡಿಲ್ಲ. ನಾನು ಬರೆದಿದ್ದನ್ನ ನಂಬ್ತಾರೆ, ಅಷ್ಟೆ. ಇನ್ನೂ ನಲವತ್ತೊಂದು ಮನೆ ಬಾವಿ ನನ್ನ ಪಟ್ಟಿಲಿದೆ. ಇಲ್ಲಿ ನಲವತ್ತಡಿ ಮುಚ್ಚಿಟ್ರೆ ಆ ನಲವತ್ತೊಂದು ಮನೆಗೆ ಏನಂತ ಬರೀಲಿ?” ಎಂದು ಆರ್ಡಿಸ್ ಕೇಳುತ್ತಾರೆ.

ಮಾತು ಸರಿ. ಆದರೆ ಅದರ ಬೆಲೆ ತೆತ್ತವರು ಆರ್ಡಿಸ್ ಅಲ್ಲ. ಮುಂದಿನ ಮಳೆಯ ಮಾರನೇ ದಿನ ಬ್ರಿಟ್ಟಾ ನೇರ ಮಣ್ಣಿನ ಆಫೀಸಿಗೆ ಬಂದರು. ಕಂದು ನೀರಿನ ಬಾಟಲಿಯನ್ನು ಆರ್ಡಿಸ್ ಮೇಜಿನ ಮೇಲೆ ಇಟ್ಟರು. ಈ ಊರಿನಲ್ಲಿ ಯಾರೂ ದನಿ ಎತ್ತುವುದಿಲ್ಲ, ಬ್ರಿಟ್ಟಾ ಕೂಡ ಎತ್ತಲಿಲ್ಲ. “ನಿನ್ನ ಪ್ರಾಮಾಣಿಕತೆಯನ್ನ ನನ್ನ ಮಗು ಕುಡೀಬೇಕಾ?” ಎಂದಷ್ಟೇ ಕೇಳಿ ಹೋದರು.

ಆ ಬಾಟಲಿ ಒಂದು ವರ್ಷ ಆರ್ಡಿಸ್ ಮೇಜಿನ ಮೇಲೇ ಇತ್ತು. ಅದರ ಬಗ್ಗೆ ಕೇಳಿದರೆ ಇಂದಿಗೂ ಮಾತು ಬದಲಿಸುತ್ತಾರೆ. ನನಗೆ ಅವರ ಮೇಲಿನ ಗೌರವ ಹೆಚ್ಚಿದ್ದು ಫೋಟೋ ಕಳಿಸಿದ್ದಕ್ಕಲ್ಲ, ಆ ಬಾಟಲಿಯನ್ನು ಚೆಲ್ಲದೆ ಇಟ್ಟುಕೊಂಡದ್ದಕ್ಕೆ.

ಆ ಒಂದು ವರ್ಷ ಕಾಲುವೆಯ ಜಾಗದ ಮಣ್ಣನ್ನು ಯಾರೂ ಮುಟ್ಟುವಂತಿರಲಿಲ್ಲ. ವರ್ಲಿನ್ ದಿನಕ್ಕೆರಡು ಸಲ ತಮ್ಮ ನಲವತ್ತು ಅಡಿಯ ಮುಂದೆ ಹಾದುಹೋಗಬೇಕಿತ್ತು. ಅವರು ಕ್ಷಮೆ ಕೇಳಲಿಲ್ಲ, ಹಾಗೆ ಕೇಳುವ ಪೈಕಿ ಅಲ್ಲ. ಒಂದು ದಿನ ಆಫೀಸಿಗೆ ಬಂದು ಡೋಜರಿನ ಕೀಲಿಯನ್ನು ಕ್ಯಾಲೆಂಡರ್ ಮೊಳೆಗೆ ನೇತುಹಾಕಿ, ಸಹಿ ಬಿದ್ದ ಮೇಲೆ ಕೊಡು ಎಂದು ಹೇಳಿ ಹೋದರು. ಮುಂದಿನ ಸೋಮವಾರದಿಂದ ವಾರವಾರವೂ ಬ್ರಿಟ್ಟಾ ಮನೆಯ ಮೆಟ್ಟಿಲ ಮೇಲೆ ಪೇಟೆಯ ನೀರು ತುಂಬಿದ ನಾಲ್ಕು ಕ್ಯಾನುಗಳು ಕಾಣಿಸಿಕೊಳ್ಳತೊಡಗಿದವು. ಇಟ್ಟವರು ಬೆಲ್ ಒತ್ತುತ್ತಿರಲಿಲ್ಲ. ಪಿಕಪ್ಪಿನ ಸದ್ದು ಕೇಳಿ ಯಾರೆಂದು ಬ್ರಿಟ್ಟಾಗೆ ಗೊತ್ತಾಗುತ್ತಿತ್ತು. ಎರಡು ವರ್ಷ, ಒಂದು ಸೋಮವಾರವೂ ತಪ್ಪಿಲ್ಲ.

ಮರುವರ್ಷದ ಅರ್ಜಿಯಲ್ಲಿ ಆರ್ಡಿಸ್ ಮೊದಲ ಪುಟದಲ್ಲೇ ಬರೆದರು: ಇಲ್ಲಿ ನಲವತ್ತು ಅಡಿ ತಪ್ಪಿನಿಂದ ಮೊದಲೇ ಅಗೆಯಲಾಗಿದೆ, ಅದಕ್ಕೆ ಹಣ ಕೇಳುತ್ತಿಲ್ಲ. ಹೊಗಳಿಕೆ ಬರಲಿಲ್ಲ, ಅನುದಾನ ಬಂತು. ಸಮಿತಿಯ ಸಭೆಯಲ್ಲಿ ವರ್ಲಿನ್ ಎಲ್ಲರಿಗಿಂತ ಕೊನೆಗೆ, ಕನ್ನಡಕ ಒರೆಸಿಕೊಂಡು, ಎರಡು ಸಲ ಓದಿ ಸಹಿ ಹಾಕಿದರು. ಆರ್ಡಿಸ್ ಮೊಳೆಯಿಂದ ಕೀಲಿ ತೆಗೆದು ಅವರ ಮುಂದಿಟ್ಟರು. ಆ ಬೇಸಿಗೆಯಲ್ಲಿ ಕಾಲುವೆಯಾಯಿತು. ಗುಂಡಿಯ ಸುತ್ತ ಬದು ಬಂತು, ನೀರು ಗುಂಡಿಯನ್ನು ಸುತ್ತುಹಾಕಿ ಹೊಳೆಯತ್ತ ತಿರುಗಿತು, ಆಗಸ್ಟ್‌ನಲ್ಲಿ ಹುಲ್ಲು ಬಿತ್ತಿದರು. ಆದರೆ ಈ ಮಾರ್ಚ್‌ನಲ್ಲಿ ಹಿಮ ಕರಗಿದಾಗ ಹುಲ್ಲಿನ್ನೂ ಎಳೆಯದು. ಬ್ರಿಟ್ಟಾ ಮನೆಯ ನೀರು ಮಬ್ಬಾಗಿಯೇ ಬಂತು. ಆರ್ಡಿಸ್ ಆ ವಾರ ಸರಿಯಾಗಿ ಊಟ ಮಾಡಲಿಲ್ಲ ಎಂದು ಅವರ ಸಹೋದ್ಯೋಗಿಗಳು ಹೇಳುತ್ತಾರೆ.

ಹಾಗಾಗಿ ಇವತ್ತಿನ ಮಳೆಯೇ ಪರೀಕ್ಷೆ. ರಾತ್ರಿ ಹತ್ತಕ್ಕೇ ಶುರುವಾದ ಮಳೆ. ಕೊಳೆ ಬರುವುದಾದರೆ ಆ ಹಸಿರು ಬಣ್ಣದಂತೆ ಹತ್ತೊಂಬತ್ತು ಗಂಟೆಯಲ್ಲಿ, ಅಂದರೆ ಸಂಜೆಯೊಳಗೆ, ನಲ್ಲಿಯಲ್ಲಿ ಕಾಣಬೇಕು. ದಿನವಿಡೀ ಬೇರೆ ಹೊಲ ಅಳೆದು, ಸಂಜೆ ಆರಕ್ಕೆ ನಾವು ಬ್ರಿಟ್ಟಾ ಮನೆ ತಲುಪುತ್ತೇವೆ.

ಆರ್ಡಿಸ್ ಸಿಂಕಿನ ನಲ್ಲಿಯನ್ನು ಐದು ನಿಮಿಷ ಹರಿಯಬಿಡುತ್ತಾರೆ. ಸೋಲ್ವೈ ಕುರ್ಚಿಯ ಮೇಲೆ ನಿಂತು, ಇವತ್ತು ನಲ್ಲೀಲಿ ಹೊಳೆ ಬರಲ್ವಾ ಎಂದು ಕೇಳುತ್ತಾಳೆ. ಬಾಟಲಿ ತುಂಬುತ್ತದೆ. ಆರ್ಡಿಸ್ ಅದನ್ನು ಕಿಟಕಿಗೆ ಹಿಡಿಯುತ್ತಾರೆ. ಬಾಟಲಿಯ ಆಚೆ ಬದಿಯಲ್ಲಿ ಬೇಲಿ ಕಾಣುತ್ತದೆ, ಬೇಲಿಯ ತಂತಿಯೂ ಕಾಣುತ್ತದೆ. ಅವರು ಮುಚ್ಚಳ ಬಿಗಿದು, ಚೀಟಿ ಅಂಟಿಸಿ, ಲ್ಯಾಬಿಗೆಂದು ಐಸ್ ಡಬ್ಬದಲ್ಲಿ ಇಡುತ್ತಾರೆ.

ಬ್ರಿಟ್ಟಾ ಅದೇ ನಲ್ಲಿಯಿಂದ ಕೆಟಲಿಗೆ ನೀರು ಹಿಡಿದು ಒಲೆಯ ಮೇಲಿಡುತ್ತಾರೆ. ನೀರು ಕೊತಕೊತ ಕುದಿಯುತ್ತದೆ. ಕಾಫಿ ಬೇಕಾ ಎಂದು ಕೇಳುತ್ತಾರೆ. ಇಲ್ಲಿ ಯಾರ ಮನೆಯಲ್ಲೂ ಮೊದಲ ಸಲಕ್ಕೆ ಹೂಂ ಅನ್ನುವಂತಿಲ್ಲ. ಎರಡು ಸಲ ಬೇಡವೆಂದು, ಮೂರನೆಯದಕ್ಕೆ ಅರ್ಧ ಕಪ್ ಸಾಕು ಅನ್ನಬೇಕು. ಐದು ವರ್ಷದಲ್ಲಿ ಆರ್ಡಿಸ್ ಈ ಮನೆಯಲ್ಲಿ ಮೂರನೇ ಸಲಕ್ಕೂ ಬೇಡವೆಂದವರು. ಹೊತ್ತು ತಂದ ನೀರು ತಮಗೆ ಖರ್ಚಾಗಬಾರದೆಂದು ಫ್ಲಾಸ್ಕ್ ತರುತ್ತಿದ್ದರು.

“ಕೊಡು” ಎನ್ನುತ್ತಾರೆ ಆರ್ಡಿಸ್. “ಕಪ್ ತುಂಬಾ ಹಾಕು.”

ಬ್ರಿಟ್ಟಾ ಮುಖ ತಿರುಗಿಸಿ ಕಪ್ ಹುಡುಕುತ್ತಾರೆ. ಕಪ್ಪುಗಳು ಕಣ್ಣೆದುರಿಗೇ ಇವೆ.

ಹೊರಗೆ ಪಿಕಪ್ಪಿನ ಸದ್ದು. ಮೆಟ್ಟಿಲ ಮೇಲೆ ಕ್ಯಾನು ಇಟ್ಟು ಹಿಂತಿರುಗುತ್ತಿದ್ದ ವರ್ಲಿನ್ ಅವರನ್ನು ಬ್ರಿಟ್ಟಾ ಮೊದಲ ಬಾರಿಗೆ ಬಾಗಿಲು ತೆಗೆದು ಕರೆಯುತ್ತಾರೆ. ವರ್ಲಿನ್ ಟೋಪಿ ಕೈಯಲ್ಲಿ ಹಿಡಿದು ಹೊಸಿಲಾಚೆಯೇ ನಿಂತು, ಬೇಡಮ್ಮ, ಬೂಟೆಲ್ಲ ಕೆಸರು ಎನ್ನುತ್ತಾರೆ. ಮತ್ತೆ ಕರೆದರೆ ಈಗಷ್ಟೇ ಕುಡಿದೆ ಎನ್ನುತ್ತಾರೆ.

“ಕಾಯ್ಬೇಕಾದಾಗ ಕಾಯ್ಲಿಲ್ಲ, ಈಗ ಕಾಯ್ತಿದೀಯಾ?” ಆರ್ಡಿಸ್ ಒಳಗಿನಿಂದ ಹೇಳುತ್ತಾರೆ. “ಬಾ, ಇದಕ್ಕೆ ಸಹಿ ಬೇಕಾಗಿಲ್ಲ.”

ವರ್ಲಿನ್ ಬೂಟು ಕಳಚಿ ಒಳಗೆ ಬರುತ್ತಾರೆ. ನಿಂತೇ ಒಂದು ಗುಟುಕು ಕುಡಿದು, ಕಪ್ಪಿನೊಳಗೆ ನೋಡಿ, ಪರವಾಗಿಲ್ಲ ಎನ್ನುತ್ತಾರೆ.

ಹೊರಡುವಾಗ ನಾಲ್ಕೂ ಕ್ಯಾನು ವಾಪಸ್ ಎತ್ತಲು ಹೋದ ವರ್ಲಿನ್ ಅವರನ್ನು ಆರ್ಡಿಸ್ ತಡೆದರು. ಕುದಿಸಿದ ಕಾಫಿ ದೊಡ್ಡವರಿಗೆ ಸರಿ, ಮಗುವಿಗೆ ಲ್ಯಾಬಿನ ವರದಿ ಬರುವವರೆಗೆ ಒಂದು ಕ್ಯಾನು ಇರಲಿ ಎಂದರು. ವರ್ಲಿನ್ ಮೂರನ್ನು ಪಿಕಪ್ಪಿಗೆ ಹಾಕಿಕೊಂಡು ಹೋದರು.

ದಾರಿಯಲ್ಲಿ ನಾನು ಆರ್ಡಿಸ್ ಅವರನ್ನು, ನಿವೃತ್ತಿಗೆ ಮುಂಚೆ ಏನಾಗಬೇಕೆಂದು ಆಸೆ ಎಂದು ಕೇಳಿದೆ. ನನ್ನ ಜಾಗಕ್ಕೆ ಬರುವವರು ತಮ್ಮ ಕೆಲಸಕ್ಕೆ ತಾವೇ ಅರ್ಜಿ ಬರೆಯುವಂತಾಗದಿದ್ದರೆ ಸಾಕು ಎಂದರು.

ಬುಧವಾರ ಮಧ್ಯಾಹ್ನ ಫೋನ್ ಮಾಡಿದೆ. ಅವರು ಆಫೀಸಿನಲ್ಲಿರಲಿಲ್ಲ. ಪಟ್ಟಿಯ ಮುಂದಿನ ಮನೆಯ ಮೇಲಿನ ಹೊಲದಲ್ಲಿ, ಗಾಳಿಯ ನಡುವೆ, ಬಾವುಟ ನೆಡುತ್ತಿದ್ದರು. ವರದಿ ಬಂತೇ ಎಂದು ಕೇಳಿದೆ.

“ಬೆಳಿಗ್ಗೆನೇ ಬಂತು” ಎಂದರು. “ಆ ಒಂದು ಕ್ಯಾನೂ ತಗೊಂಡು ಹೋಗು ಅಂತ ವರ್ಲಿನ್‌ಗೆ ಹೇಳಿದೀನಿ.”